ಮಗಳಿಗೆ ಫಿಟ್ಸ್: ಫ್ಯಾಮಿಲಿ ಕ್ಯಾಂಪಿಗೆ ಅತ್ತೆಯನ್ನೂ ಕರೆದುಕೊಂಡು ಹೋಗಲಾ?

ಅರಸೀಕೆರೆ ಸೊಸೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾವಿರೋದು ಫ್ಲೋರಿಡಾದ ಟ್ಯಾಂಪಾದಲ್ಲಿ. ಮಗನಿಗೆ 13, ಮಗಳಿಗೆ 9 ವರ್ಷ. ಫಿಟ್ಸ್ ಇರೋದು ಮಗಳಿಗೆ. ಯೂಸ್ಟಿಸ್ ಊರಿನ ಕ್ಯಾಂಪ್ ಬಾಗಿ ಕ್ರೀಕ್‌ನಲ್ಲಿ ಅಪಸ್ಮಾರ ಇರೋ ಮಕ್ಕಳ ಮನೆಯವರಿಗೆ ವಾರಾಂತ್ಯದ ಕ್ಯಾಂಪ್ ಇದೆ, ಅರ್ಜಿ ಹಾಕಿ ಅಂತ ಅವಳ ಡಾಕ್ಟರ ಹತ್ತಿರ ಇರೋ ನರ್ಸ್ ಕಾಗದ ಕೊಟ್ಟಿದ್ದಾರೆ. ಶುಕ್ರವಾರ ಸಂಜೆ ಹೋಗಿ ಭಾನುವಾರ ವಾಪಸ್. ದುಡ್ಡು ಕೊಡಬೇಕಾಗಿಲ್ಲವಂತೆ.

ನಮಗೆ ಹೋಗೋ ಆಸೆ ಇದೆ. ನನ್ನ ಪ್ರಶ್ನೆ ಅತ್ತೆ ಬಗ್ಗೆ. ಅವರು ಆರು ತಿಂಗಳಿಗೆ ಬಂದಿದ್ದಾರೆ, ಇನ್ನು ಐದು ವಾರಕ್ಕೆ ಊರಿಗೆ ಹೊರಡುತ್ತಾರೆ.

ಮೊದಲಿಂದ ಹೇಳಿಬಿಡ್ತೀನಿ. ಮಗಳಿಗೆ 4 ವರ್ಷ ಆಗಿದ್ದಾಗ ನಾವು ಬೆಂಗಳೂರಲ್ಲಿದ್ವಿ. ಯುಗಾದಿಗೆ ಅರಸೀಕೆರೆಯ ಅತ್ತೆ ಮನೆಗೆ ಹೋಗಿದ್ವಿ. ಹಿತ್ತಲ ಬಚ್ಚಲು, ಹಂಡೆ ಒಲೆ, ತೆಂಗಿನ ಸೋಗೆ ಉರಿ. ಅತ್ತೆ ಅವಳ ನೆತ್ತಿಗೆ ಎಣ್ಣೆ ತಟ್ಟಿ, ಸೀಗೆಪುಡಿ ಹಾಕಿ ಉಜ್ಜಿ, ಚೊಂಬಲ್ಲಿ ತಲೆ ಮೇಲೆ ನೀರು ಹೊಯ್ಯುತ್ತಿದ್ದರು. ಐದಾರು ಚೊಂಬಾಗಿರಬೇಕು, ಮಗು ಕಣ್ಣು ಮೇಲೆ ಮಾಡಿಕೊಂಡು ಸೆಟೆದುಕೊಂಡಿತು. ಯಾರೋ ಅವಳ ಕೈಗೆ ಬೀಗದ ಕೈ ತುರುಕಿದರು, ಇನ್ಯಾರೋ ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದರು. ಬೆಂಗಳೂರಲ್ಲಿ ಡಾಕ್ಟರು ಬಿಸಿನೀರಿನ ಅಪಸ್ಮಾರ ಅಂದರು. ಬೆಚ್ಚನೆ ನೀರು ಸಾಕು ಅಂದರು, ಹಾಗೇ ಮಾಡಿದ್ವಿ, ಎರಡು ವರ್ಷ ಏನೂ ಇರಲಿಲ್ಲ. ಆಮೇಲೆ ನೀರಿನ ಸಂಬಂಧವೇ ಇಲ್ಲದೆ ಬೆಳಗಿನ ಜಾವ ನಿದ್ದೆಯಲ್ಲಿ ಬರೋಕೆ ಶುರುವಾಯ್ತು. ಈಗ ಲೆವೆಟಿರಾಸೆಟಮ್ ಮತ್ತು ಕ್ಲೋಬಜಾಮ್ ಅನ್ನೋ ಫಿಟ್ಸ್ ಔಷಧಿ ಕೊಡ್ತಿದ್ದೀವಿ. ತಿಂಗಳಿಗೆ ಒಂದೋ ಎರಡೋ ಸಲ ಬರುತ್ತೆ.

ಆ ಯುಗಾದಿ ಆದ ಮೇಲೆ ಅತ್ತೆ ಅವಳ ತಲೆ ಮುಟ್ಟಿಲ್ಲ. ಇಲ್ಲಿಗೆ ಬಂದು ಐದು ತಿಂಗಳಾಗುತ್ತಾ ಬಂತು, ಒಂದು ಜಡೆ ಹಾಕಿಲ್ಲ. ಅವಳು ಸ್ನಾನಕ್ಕೆ ಹೋದರೆ ಇವರು ಮನೆಯಿಂದ ಹೊರಗೆ ಹೋಗಿ ನಿಂತುಕೊಳ್ಳುತ್ತಾರೆ. ಬಾಯಿ ಬಿಟ್ಟು ಏನೂ ಹೇಳಲ್ಲ.

ಕ್ಯಾಂಪಿನ ವಿಷಯ ಹೇಳಿದಾಗ "ಕಣ್ಣಿನ ಕ್ಯಾಂಪ್ ತರಾನಾ? ಸ್ಕೂಲ್ ಜಗಲೀಲಿ ಸಾಲಾಗಿ ಕೂರಿಸ್ತಾರಾ?" ಅಂತ ಕೇಳಿದರು. ಅಲ್ಲ ಅತ್ತೆ, ಕೆರೆ ಇದೆ, ಕುದುರೆ ಇದೆ, ಎಲ್ಲರೂ ಇರಬಹುದು ಅಂದೆ. "ನೀವು ಹೋಗಿ ಬನ್ನಿ, ನಾನು ಮನೆ ನೋಡ್ಕೋತೀನಿ" ಅಂದುಬಿಟ್ಟರು.

ಅವರಿಗೆ ಇಂಗ್ಲಿಷ್ ಬರಲ್ಲ. ಬಲವಂತ ಮಾಡಿ ಕರೆದುಕೊಂಡು ಹೋದರೆ ಅಲ್ಲಿ ಇಷ್ಟೊಂದು ಮಕ್ಕಳನ್ನ ನೋಡಿ ಇನ್ನೂ ಕುಗ್ಗಿ ಹೋಗ್ತಾರೇನೋ ಅಂತ ಹೆದರಿಕೆ. ಬಿಟ್ಟು ಹೋಗೋಕೂ ಮನಸ್ಸಿಲ್ಲ. ಇಂಥ ಕ್ಯಾಂಪಿಗೆ ಹೋಗಿ ಬಂದವರು ಯಾರಾದರೂ ಇದ್ದೀರಾ? ರಾತ್ರಿ ಹೇಗಿರುತ್ತೆ? ನಾನು ಅವಳ ಬೆನ್ನ ಮೇಲೆ ಕೈ ಇಟ್ಟುಕೊಂಡೇ ಮಲಗೋದು, ಮೂರು ವರ್ಷದಿಂದ. ಮಗ ಬರಲ್ಲ ಅಂತಿದ್ದಾನೆ, ಅವನನ್ನೇನು ಮಾಡಲಿ?

ಜಾಕ್ಸನ್‌ವಿಲ್ ಅಪ್ಪ

ನಮಸ್ಕಾರ ಮೇಡಂ. ನಾವು ಅದೇ ಕ್ಯಾಂಪಿಗೆ ಎರಡು ಸಲ ಹೋಗಿದ್ದೀವಿ. ನನ್ನ ಮಗನಿಗೆ ಈಗ 11. ಅವನ ಕಾಯಿಲೆಗೆ ಲೆನಾಕ್ಸ್-ಗಸ್ಟೊ ಅಂತ ಹೆಸರು, ಔಷಧಿಗೆ ಸುಲಭವಾಗಿ ಬಗ್ಗದ ಜಾತಿಯ ಫಿಟ್ಸ್. ದಿನಕ್ಕೆ ಹಲವು ಸಲ ಬರುತ್ತೆ, ತಟ್ಟನೆ ಕುಸಿದು ಬೀಳ್ತಾನೆ, ಹಾಗಾಗಿ ಎದ್ದಾಗಿಂದ ಮಲಗೋವರೆಗೆ ಹೆಲ್ಮೆಟ್.

ಆ ಜಾಗದ ಹಿನ್ನೆಲೆ ಗೊತ್ತಿರಲಿ. ಸಿನಿಮಾ ನಟ ಪಾಲ್ ನ್ಯೂಮನ್ 1988ರಲ್ಲಿ ಕನೆಕ್ಟಿಕಟ್‌ನಲ್ಲಿ ದೊಡ್ಡ ಕಾಯಿಲೆ ಇರೋ ಮಕ್ಕಳಿಗೆ ಅಂತ ಮೊದಲ ಕ್ಯಾಂಪ್ ತೆರೆದರು. ಫ್ಲೋರಿಡಾದ್ದನ್ನ ಅವರೂ ಅಮೆರಿಕದ ಸೇನೆಯಲ್ಲಿದ್ದ ಜನರಲ್ ಶ್ವಾರ್ಜ್‌ಕಾಫ್ ಅವರೂ ಸೇರಿ ಕಟ್ಟಿ 1996ರಲ್ಲಿ ತೆರೆದರು. ಬೇಸಿಗೆಯಲ್ಲಿ 7ರಿಂದ 16 ವರ್ಷದ ಮಕ್ಕಳು ಅಪ್ಪ ಅಮ್ಮ ಇಲ್ಲದೆ ಬಂದು ಇರುತ್ತಾರೆ. ಫ್ಯಾಮಿಲಿ ವಾರಾಂತ್ಯಗಳು ಬೇರೆ, ಒಂದೊಂದು ಕಾಯಿಲೆಗೆ ಒಂದೊಂದು. ಅಪಸ್ಮಾರದ ವಾರಾಂತ್ಯ ಅಂದರೆ ಬಂದಿರೋರೆಲ್ಲ ನಮ್ಮ ಹಾಗೇ. ಯಾರಿಗೂ ಏನನ್ನೂ ವಿವರಿಸಿ ಹೇಳೋ ಕೆಲಸ ಇಲ್ಲ. ಈ ಮಾತಿನ ಬೆಲೆ ನನಗೆ ಗೊತ್ತಾಗಿದ್ದು ಮೊದಲ ದಿನದ ಊಟದಲ್ಲಿ.

ದೊಡ್ಡ ಊಟದ ಮನೆ, ಉದ್ದುದ್ದ ಮೇಜು, ಊಟ ಆಗ್ತಿದ್ದ ಹಾಗೇ ಹಾಡು ಕುಣಿತ. ನನ್ನ ಮಗ ಕುರ್ಚಿಯಿಂದ ಜಾರಿದ. ನಾನು ಏಳೋ ಹೊತ್ತಿಗೆ ಪಕ್ಕದ ಮೇಜಿನ ಒಬ್ಬರು ಕುರ್ಚಿ ಎಳೆದು ಜಾಗ ಮಾಡಿದ್ದರು, ಅವರ ಹೆಂಡತಿ ಗಡಿಯಾರ ನೋಡುತ್ತಿದ್ದರು, ಮೂರನೆಯವರು ಸ್ವೆಟರ್ ಮಡಿಚಿ ತಲೆ ಕೆಳಗೆ ಇಟ್ಟಿದ್ದರು. ನರ್ಸ್ ಬಂದು ಮಂಡಿಯೂರಿ ಕೂತರು. ಹಾಡು ನಿಲ್ಲಲಿಲ್ಲ. ಯಾರೂ ತಿರುಗಿ ನೋಡಲಿಲ್ಲ. ಎಚ್ಚರ ಆದ ಮೇಲೆ ಅವನು ತನ್ನ ಪಾಡಿಗೆ ಉಳಿದ ಜೋಳ ತಿಂದ. ಜಾಕ್ಸನ್‌ವಿಲ್‌ನ ಹೋಟೆಲುಗಳಲ್ಲಿ ಇದೇ ಆದಾಗ ಜನ ಫೋನ್ ಎತ್ತಿ ವಿಡಿಯೋ ಮಾಡಿದ್ದಾರೆ, ಮಕ್ಕಳನ್ನ ಬೇರೆ ಕಡೆ ಎಳೆದುಕೊಂಡು ಹೋಗಿದ್ದಾರೆ. ಅವತ್ತು ಆ ಊಟದ ಮನೆ ಹೊರಗೆ ಹೋಗಿ ನಾನು ಒಬ್ಬನೇ ನಿಂತು ಕಣ್ಣೀರು ಹಾಕಿದೆ. ದುಃಖಕ್ಕಲ್ಲ.

ರಾತ್ರಿ ಬಗ್ಗೆ ಕೇಳಿದ್ದೀರಿ. ನಮ್ಮ ಮನೆಯಲ್ಲಿ ರಾತ್ರಿ ಎರಡು ಗಂಟೆವರೆಗೆ ಹೆಂಡತಿ ಎಚ್ಚರ, ಆಮೇಲೆ ನಾನು. ಇಬ್ಬರೂ ಒಟ್ಟಿಗೆ ನಿದ್ದೆ ಮಾಡಿ ವರ್ಷಗಳಾಗಿದ್ದವು. ಅಲ್ಲಿಯೂ ಮಗ ನಮ್ಮ ಜೊತೆಗೇ ಮಲಗಿದ್ದು, ಕಾವಲು ಪೂರ್ತಿ ತಪ್ಪಲಿಲ್ಲ. ಆದರೆ ನರ್ಸ್, ಡಾಕ್ಟರು ಅದೇ ಆವರಣದಲ್ಲಿ ಇದ್ದಾರೆ, ಕರೆದರೆ ನಡೆದುಕೊಂಡು ಬರೋಷ್ಟು ದೂರ ಅಂತ ಗೊತ್ತಿದ್ದರೆ ಮೈ ಬೇರೆ ಥರ ಮಲಗುತ್ತೆ. ಎರಡನೇ ರಾತ್ರಿ ನಾವಿಬ್ಬರೂ ನಾಲ್ಕು ಗಂಟೆ ಹೊತ್ತು ನಿದ್ದೆ ಹೋಗಿದ್ದೀವಿ, ಬೆಳಿಗ್ಗೆ ಎದ್ದು ಒಬ್ಬರ ಮುಖ ಒಬ್ಬರು ನೋಡಿಕೊಂಡ್ವಿ.

ಮೂರು ಎಚ್ಚರಿಕೆ. ಮಗು ಖುಷಿಯಲ್ಲಿ ತಡವಾಗಿ ಮಲಗುತ್ತೆ, ನಿದ್ದೆಗೆಟ್ಟರೆ ನಿಮಗೇ ಗೊತ್ತು. ಫ್ಲೋರಿಡಾ ಬಿಸಿಲು, ನೀರು ಕುಡಿಸ್ತಾ ಇರಿ. ಮಾತ್ರೆ ಹೊತ್ತು ತಪ್ಪದ ಹಾಗೆ ಫೋನಿನಲ್ಲಿ ಅಲಾರಂ ಇಡಿ, ಅಲ್ಲಿ ದಿನ ಓಡೋದೇ ಗೊತ್ತಾಗಲ್ಲ. ಫಿಟ್ಸ್ ಹೇಗೆ ಬರುತ್ತೆ, ಎಷ್ಟು ಹೊತ್ತು, ಮೂಗಿಗೆ ಸಿಂಪಡಿಸೋ ಡಯಾಜೆಪಾಮ್ ಯಾವಾಗ ಕೊಡಬೇಕು ಅನ್ನೋದನ್ನ ನಿಮ್ಮ ನ್ಯೂರಾಲಜಿಸ್ಟ್ ಹತ್ತಿರ ಈಗಲೇ ಬರೆಸಿಕೊಳ್ಳಿ. ಊಟಕ್ಕೆ ಸಸ್ಯಾಹಾರ ಅಂತ ಅರ್ಜಿಯಲ್ಲೇ ಬರೀರಿ. ನಾವು ಚಟ್ನಿಪುಡಿ ತಗೊಂಡು ಹೋಗಿದ್ವಿ, ಒಳ್ಳೇದೇ ಆಯ್ತು.

ಅತ್ತೆಯವರನ್ನ ಖಂಡಿತ ಕರೆದುಕೊಂಡು ಹೋಗಿ. ಮೊದಲು ಫೋನ್ ಮಾಡಿ, ಮನೆಯಲ್ಲೇ ಇರೋ ಅಜ್ಜಿ ಅಂತ ಹೇಳಿ ಕೇಳಿಕೊಳ್ಳಿ. ಅಪ್ಪ ಅಮ್ಮಂದಿರು ಕೂತು ಮಾತಾಡೋ ಹೊತ್ತು ಒಂದಿರುತ್ತೆ. ನಾನು ಅಲ್ಲಿ ಬಾಯಿ ಬಿಡಲ್ಲ ಅಂತಲೇ ಹೋಗಿದ್ದೆ. ಒಬ್ಬ ಟ್ರಕ್ ಓಡಿಸೋ ಮನುಷ್ಯ, ನನ್ನ ಎರಡರಷ್ಟಿದ್ದಾನೆ, "ನನ್ನ ಮಗಳ ಉಸಿರು ಕೇಳಿಸದಿದ್ದರೆ ನನಗೆ ನಿದ್ದೆ ಬರಲ್ಲ" ಅಂದ. ಆಮೇಲೆ ನಾನು ಅರ್ಧ ಗಂಟೆ ಮಾತಾಡಿದೆ.

ಯಳಂದೂರು ತವರು

ಅಕ್ಕ, ನಿಮ್ಮ ಅತ್ತೆ ವಿಷಯ ಓದಿ ಸುಮ್ಮನಿರೋಕಾಗಲಿಲ್ಲ. ನಾನು ಮೈಸೂರಲ್ಲಿದ್ದೀನಿ, 31 ವರ್ಷ ಸರ್ಕಾರಿ ನರ್ಸ್ ಆಗಿದ್ದೆ, ಈಗ ನಿವೃತ್ತಿ. ನಿಮ್ಮ ಅತ್ತೆಗೆ ಇದನ್ನ ಓದಿ ಹೇಳಿ.

ಬಿಸಿನೀರಿನ ಫಿಟ್ಸ್ ನಮ್ಮ ಕಡೆಯ ಕಾಯಿಲೆ ಅಂತಲೇ ಹೇಳಬಹುದು. ಮೊದಲು ಬರೆದವರು 1945ರಲ್ಲಿ ನ್ಯೂಜಿಲೆಂಡಿನ ಒಬ್ಬ ಡಾಕ್ಟರು. ಆದರೆ ಜಗತ್ತಿನಲ್ಲೇ ಇದು ಹೆಚ್ಚಾಗಿ ಕಂಡಿರೋದು ದಕ್ಷಿಣ ಕರ್ನಾಟಕದಲ್ಲಿ. ನಿಮ್ಹಾನ್ಸ್‌ನ ಡಾ. ಸತೀಶ್‌ಚಂದ್ರ ಮತ್ತು ಜೊತೆಯವರು 1988ರಲ್ಲೇ 279 ಜನರ ಲೆಕ್ಕ ಬರೆದರು. ನಮ್ಮ ಸ್ನಾನ ನೋಡಿ: 40ರಿಂದ 50 ಡಿಗ್ರಿ ಬಿಸಿ, ಚೊಂಬಲ್ಲಿ ಮೇಲಿಂದ ಮೇಲೆ ನೆತ್ತಿಗೇ ಬೀಳುತ್ತೆ. ಆದರೆ ಅದೇ ಹಂಡೆಯ ನೀರು ಮನೆಯ ಎಲ್ಲ ಮಕ್ಕಳ ತಲೆ ಮೇಲೂ ಬಿದ್ದಿರುತ್ತೆ. ಎಲ್ಲರಿಗೂ ಬಂತಾ? ಇಲ್ಲ. ಆ ಗುಣ ಮಗುವಿನ ಮಿದುಳಲ್ಲಿ ಇತ್ತು, ನೀರು ಅದನ್ನ ಹೊರಗೆ ತೋರಿಸಿತು. ಇಂಥವರಲ್ಲಿ ಕೆಲವರಿಗೆ ಮುಂದೆ ನೀರಿಲ್ಲದೆಯೂ ಬರುತ್ತೆ, ನಿಮ್ಮ ಮಗಳಿಗೆ ಆಗಿರೋ ಹಾಗೆ. ಅಜ್ಜಿ ನೀರು ಹೊಯ್ದಿದ್ದಕ್ಕೆ ಇವತ್ತು ಬೆಳಗಿನ ಜಾವ ಬರ್ತಿದೆ ಅನ್ನೋದು ಸುಳ್ಳು.

ಕೆಲವು ಮಕ್ಕಳಿಗೆ ತಲೆಗೆ ಹಾಕೋ ದಿನ ಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮೊದಲು ಕ್ಲೋಬಜಾಮ್ ಕೊಡೋ ಪದ್ಧತಿ ನಿಮ್ಹಾನ್ಸ್‌ನವರದ್ದು ಇದೆ. ನಿಮ್ಮ ಮಗಳು ಆಗಲೇ ಅದನ್ನ ತಗೋತಿದ್ದಾಳೆ, ಹಾಗಾಗಿ ಡಾಕ್ಟರನ್ನ ಕೇಳದೆ ಏನೂ ಬದಲಿಸಬೇಡಿ. ಈ ಬಿಸಿನೀರಿನ ಕಥೆಯನ್ನ ಅಲ್ಲಿಯ ಡಾಕ್ಟರಿಗೆ ಬಿಡಿಸಿ ಹೇಳಿ, ಅವರು ಇದನ್ನ ಕಂಡಿರೋದು ಕಡಿಮೆ.

ನನ್ನ ತವರು ಯಳಂದೂರು ತಾಲ್ಲೂಕು. ನರರೋಗ ತಜ್ಞ ಡಾ. ಕೆ.ಎಸ್. ಮಣಿ ಅವರ ತಂಡ ಅಲ್ಲಿ ಸುಮಾರು 65 ಸಾವಿರ ಜನರಿರೋ ಹಳ್ಳಿಗಳಲ್ಲಿ ಮನೆ ಮನೆ ತಿರುಗಿ ಫಿಟ್ಸ್ ಇರೋರನ್ನ ಹುಡುಕಿತ್ತು, ಸಾವಿರಕ್ಕೆ ನಾಲ್ಕೈದು ಜನ ಸಿಕ್ಕರು. ಹಳೇ ಅಗ್ಗದ ಮಾತ್ರೆಗಳೇ, ಫಿನೋಬಾರ್ಬಿಟಾಲ್, ಫೆನಿಟಾಯಿನ್. ಅದನ್ನ ಬಿಡದೆ ಕೊಟ್ಟರೆ ಹಳ್ಳಿಯಲ್ಲೂ ಹತೋಟಿಗೆ ಬರುತ್ತೆ ಅಂತ ತೋರಿಸಿದರು. ಆ ಕೆಲಸದ ಲೆಕ್ಕ 2001ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ನಮ್ಮ ಸೋದರಮಾವನಿಗೆ ಫಿಟ್ಸ್ ಇತ್ತು. ಅದಕ್ಕೂ ಮೊದಲಿನ ಕಾಲ, ಹಬ್ಬದ ಪಂಕ್ತಿಯಲ್ಲಿ ಅವರಿಗೆ ಎಲೆ ಹಾಕುತ್ತಿರಲಿಲ್ಲ, ಕೊಟ್ಟಿಗೆ ಜಗಲಿಗೆ ಊಟ ಹೋಗುತ್ತಿತ್ತು. ಕೊಂಡೊಯ್ಯುತ್ತಿದ್ದವಳು ನಾನೇ, ನನಗೆ ಎಂಟು ವರ್ಷ.

ನಿಮ್ಮ ಅತ್ತೆ "ಕಣ್ಣಿನ ಕ್ಯಾಂಪ್ ತರಾನಾ" ಅಂದಿದ್ದು ಸರಿಯಾಗೇ ಇದೆ. ನಾನು ಕೆಲಸ ಮಾಡಿದ ಅಷ್ಟೂ ವರ್ಷ ನಮ್ಮಲ್ಲಿ ಕ್ಯಾಂಪ್ ಅಂದರೆ ಚೀಟಿ, ಸಾಲು, ಒಂದು ತಿಂಗಳ ಮಾತ್ರೆ. ಅದೂ ಬೇಕು, ಅದರಿಂದ ಜೀವ ಉಳಿದಿದೆ. ಆದರೆ ಸಾಲಿನಲ್ಲಿ ಸೆರಗಿನ ತುದಿ ಕಚ್ಚಿಕೊಂಡು ನಿಂತ ತಾಯಿಯನ್ನ "ನೀನು ಊಟ ಮಾಡಿದ್ಯಾ, ನಿದ್ದೆ ಮಾಡಿದ್ಯಾ" ಅಂತ ಕೇಳೋಕೆ ನಮಗೆ ಪುರುಸೊತ್ತು ಇರಲಿಲ್ಲ. ಇದು ನನ್ನ ಮನಸ್ಸಲ್ಲಿ ಉಳಿದಿದೆ. ಅತ್ತೆಯವರನ್ನ ಕರೆದುಕೊಂಡು ಹೋಗಿ ಅಕ್ಕ.

ದಾವಣಗೆರೆ ತಮ್ಮ

ನಿಮ್ಮ ಮಗನ ಬಗ್ಗೆ ಎರಡು ಮಾತು. ನನ್ನ ಅಕ್ಕನಿಗೆ ಫಿಟ್ಸ್ ಇತ್ತು, ನಾನು ಚಿಕ್ಕವನು. "ಅಕ್ಕನ್ನ ನೋಡ್ಕೋ" ಅನ್ನೋ ಮಾತು ಕೇಳಿಯೇ ಬೆಳೆದೆ. ಒಂದು ಸಲ ನಾನು ಕ್ರಿಕೆಟ್ ಆಡೋಕೆ ಹೋಗಿದ್ದಾಗ ಅವಳು ಬಿದ್ದು ಹಲ್ಲು ಮುರಿದುಕೊಂಡಳು. ಯಾರೂ ಬೈಯಲಿಲ್ಲ, ನಾನೇ ಬ್ಯಾಟ್ ಅಟ್ಟಕ್ಕೆ ಹಾಕಿದೆ. ಮತ್ತೆ ಇಳಿಸಲಿಲ್ಲ. ಅದನ್ನ ಅಮ್ಮ ಗಮನಿಸಿದ್ದು ಎಷ್ಟೋ ವರ್ಷ ಆದ ಮೇಲೆ. ನಿಮ್ಮ ಮಗ ಬರಲ್ಲ ಅಂದರೆ ಅಲ್ಲೂ ತಂಗಿಯನ್ನ ಕಾಯಬೇಕಾಗುತ್ತೆ ಅಂದುಕೊಂಡಿರಬಹುದು. "ಅಲ್ಲಿ ನೀನು ಅವಳನ್ನ ನೋಡ್ಕೋಬೇಕಾಗಿಲ್ಲ, ಅದಕ್ಕೆ ಜನ ಇದ್ದಾರೆ" ಅಂತ ಹೇಳಿ ನೋಡಿ.

ಅರಸೀಕೆರೆ ಸೊಸೆ

ಎಲ್ಲರಿಗೂ ತುಂಬಾ ಧನ್ಯವಾದ. ಹೋಗಿ ಬಂದ್ವಿ. ಬರೆಯೋಕೆ ತಡವಾಯ್ತು.

ದಾವಣಗೆರೆ ತಮ್ಮ, ನೀವು ಹೇಳಿಕೊಟ್ಟ ಮಾತನ್ನ ಮಗನಿಗೆ ಹಾಗೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಬಿಲ್ಲುಬಾಣ ಇದ್ಯಾ" ಅಂದ. ಇದೆ ಅಂದೆ. ಎರಡು ದಿನ ನಮ್ಮ ಕಣ್ಣಿಗೆ ಬಿದ್ದಿದ್ದು ಊಟಕ್ಕೆ ಮಾತ್ರ.

ಯಳಂದೂರಿನ ಅಕ್ಕ ಬರೆದಿದ್ದನ್ನ ಅತ್ತೆಗೆ ಓದಿ ಹೇಳಿದೆ. ಸೋದರಮಾವನ ಊಟದ ವಿಷಯ ಬಂದಾಗ "ಇನ್ನೊಂದ್ಸಲ ಓದು" ಅಂದರು. ಮಾರನೇ ದಿನ ತಾವೇ ಕೇಳಿದರು, ಎಷ್ಟು ಸೀರೆ ಇಟ್ಟುಕೊಳ್ಳಲಿ ಅಂತ.

ಅಲ್ಲಿ ಪ್ರತಿ ಮನೆಯವರ ಜೊತೆಗೂ ಸ್ವಯಂಸೇವಕರು ಇದ್ದರು. ನಮ್ಮ ಜೊತೆ ಇದ್ದಿದ್ದು ಕಾಲೇಜು ಓದೋ ಹುಡುಗಿ, ಬಂದ ತಕ್ಷಣ ಅತ್ತೆ ಕೈಯ ಚೀಲ ಇಸಿದುಕೊಂಡಳು. ಮಗಳು ಅವಳಿಗೆ "ಅಜ್ಜಿ" ಅನ್ನೋದು ಕಲಿಸಿದಳು. ಶನಿವಾರ ಮಗಳು ಕುದುರೆ ಹತ್ತಿದಳು. ಹೆಲ್ಮೆಟ್ ಹಾಕಿ, ಎರಡೂ ಪಕ್ಕ ಒಬ್ಬೊಬ್ಬರು ನಡೆಯುತ್ತಾ. ಮೂರು ವರ್ಷದಿಂದ ಅವಳಿಗೆ ಸೈಕಲ್ ಕೂಡ ಬೇಡ ಅಂದಿದ್ದೀನಿ ನಾನು.

ಆಮೇಲೆ ದೊಡ್ಡವರ ಮಾತು. ಅತ್ತೆ ನನ್ನ ಪಕ್ಕ ಕೂತಿದ್ದರು, ನಾನು ಮೆಲ್ಲಗೆ ಕನ್ನಡದಲ್ಲಿ ಹೇಳ್ತಾ ಇದ್ದೆ. ಎದುರಿಗೆ ಪೋರ್ಟೊರಿಕೋದ ಇನ್ನೊಬ್ಬ ಅಜ್ಜಿ, ಅವರಿಗೂ ಇಂಗ್ಲಿಷ್ ಬರಲ್ಲ, ಅವರ ಮಗ ಹೇಳುತ್ತಿದ್ದ. ಆ ಅಜ್ಜಿ ಮಾತಾಡಿದ ಮೇಲೆ ಇವರು ಇದ್ದಕ್ಕಿದ್ದ ಹಾಗೆ "ನಾನೂ ಹೇಳ್ತೀನಿ" ಅಂದರು. ಯುಗಾದಿ, ಹಂಡೆ, ಚೊಂಬು ಎಲ್ಲ ಹೇಳಿದರು. ನಾನು ಒಂದೊಂದೇ ಇಂಗ್ಲಿಷಿನಲ್ಲಿ ಹೇಳ್ತಾ ಹೋದೆ. ಆಮೇಲೆ ಅಂದರು: "ಮಗು ಸೆಟೆದುಕೊಂಡಾಗ ಇವಳು ಓಡಿ ಬಂದು, 'ಇಷ್ಟು ಬಿಸಿ ಹೊಯ್ತಾರಾ ಅತ್ತೆ, ನಿಮಗೆ ಗೊತ್ತಾಗಲ್ವಾ' ಅಂದಳು. ಅವಳದ್ದು ತಪ್ಪಿಲ್ಲ. ಹೆತ್ತ ಹೊಟ್ಟೆ."

ಇದನ್ನ ಮೊದಲ ಪ್ರಶ್ನೆಯಲ್ಲಿ ನಾನು ನಿಮಗೆ ಬರೆಯಲಿಲ್ಲ. ಆ ಮಾತು ಆಡಿದ್ದು ನಾನು. ಐದು ವರ್ಷದಲ್ಲಿ ಒಂದು ಸಲವೂ ಅದನ್ನ ವಾಪಸ್ ತಗೊಂಡಿರಲಿಲ್ಲ, ಅವರು ಮರೆತಿದ್ದಾರೆ ಅಂತ ನಂಬಿಕೊಂಡಿದ್ದೆ. ಈಗ ಅಷ್ಟು ಜನರ ಮುಂದೆ ಅದನ್ನ ನಾನೇ ಇಂಗ್ಲಿಷಿಗೆ ಹೇಳಬೇಕು. ಹೇಳಿದೆ. ಬಿಡದೆ, ಬದಲಿಸದೆ ಹೇಳಿದೆ. ಆಮೇಲೆ ಅತ್ತೆ ಕಡೆ ತಿರುಗಿ, ತಪ್ಪಾಯ್ತು ಅತ್ತೆ ಅಂದೆ, ಅದನ್ನ ಯಾರಿಗೂ ಇಂಗ್ಲಿಷಿನಲ್ಲಿ ಹೇಳಲಿಲ್ಲ. ಆ ಪೋರ್ಟೊರಿಕೋ ಅಜ್ಜಿ ಎದ್ದು ಬಂದು ಅತ್ತೆ ಪಕ್ಕ ಕೂತು ಅವರ ಕೈ ಹಿಡಿದುಕೊಂಡರು, ಕೊನೇವರೆಗೂ ಬಿಡಲಿಲ್ಲ.

ಭಾನುವಾರ ಬೆಳಗಿನ ಜಾವ 5 ಗಂಟೆ 10 ನಿಮಿಷಕ್ಕೆ ಮಗಳಿಗೆ ಬಂತು. ಗಂಡ ಫೋನ್ ಮಾಡಿದರು, ನರ್ಸ್ ಬಂದರು. ನಾನು ಅವಳನ್ನ ಮಗ್ಗುಲಿಗೆ ತಿರುಗಿಸಿದ್ದೆ, ನರ್ಸ್ ಗಡಿಯಾರ ನೋಡ್ತಾ ಪಕ್ಕದಲ್ಲಿ ಕೂತರು, ಅಷ್ಟೇ. ಒಂದೂವರೆ ನಿಮಿಷ. ಅತ್ತೆ ಎದುರು ಮಂಚದಲ್ಲಿ ಎದ್ದು ಕೂತು ಎಲ್ಲ ನೋಡಿದರು. ಬೆಳಕಾದ ಮೇಲೆ ನನ್ನನ್ನ ಕೇಳಿದರು: "ಅವರು ಬೀಗದ ಕೈ ಕೇಳಲೇ ಇಲ್ವಲ್ಲೇ?" ಇಲ್ಲ ಅತ್ತೆ, ಅದರಿಂದ ಏನೂ ಆಗಲ್ಲ, ಅದು ತಾನಾಗೇ ನಿಲ್ಲುತ್ತೆ ಅಂದೆ. ತುಂಬಾ ಹೊತ್ತು ಏನೂ ಮಾತಾಡಲಿಲ್ಲ.

ತಿಂಡಿಗೆ ಹೊರಡೋ ಮುಂಚೆ ಮಗಳನ್ನ ಮುಂದೆ ಕೂರಿಸಿಕೊಂಡು ಎರಡು ಜಡೆ ಹಾಕಿದರು. ಊರಿಂದ ತಂದಿದ್ದ ಕೊಬ್ಬರಿ ಎಣ್ಣೆ ಡಬ್ಬಿ, ಟ್ಯಾಂಪಾದಲ್ಲಿ ಒಂದು ದಿನವೂ ಮುಚ್ಚಳ ತೆಗೆದಿರಲಿಲ್ಲ. ಅದನ್ನ ಚೀಲದಲ್ಲಿ ಇಟ್ಟುಕೊಂಡು ಬಂದಿದ್ದಾರೆ ಅಂತಲೇ ನನಗೆ ಗೊತ್ತಿರಲಿಲ್ಲ.

ಜಾಕ್ಸನ್‌ವಿಲ್ ಸರ್, ಕೈ ಇನ್ನೂ ಅವಳ ಬೆನ್ನ ಮೇಲೇ ಇರುತ್ತೆ. ಆದರೆ ವಾರಕ್ಕೆ ಎರಡು ರಾತ್ರಿ ಈಗ ಗಂಡನ ಸರದಿ.

ಅತ್ತೆ ನಾಡಿದ್ದು ಹೊರಡ್ತಾರೆ. ಊರಿನ ಅಂಗನವಾಡಿ ಗೋಡೆಗೆ ಅಂಟಿಸೋಕೆ ಕನ್ನಡದಲ್ಲಿ ಒಂದು ಹಾಳೆ ಬೇಕಂತೆ. ನಾನು ಬರೆದು ತೋರಿಸಿದ್ದು ಅವರಿಗೆ ಹಿಡಿಸಲಿಲ್ಲ, "ಹಿಂಗೆ ಬರೆದ್ರೆ ಯಾರೂ ಓದಲ್ಲ, ನಾನು ಹೇಳ್ತೀನಿ ಬರ್ಕೋ" ಅಂದರು. ಕೆಳಗಿದೆ. ಯಳಂದೂರಿನ ಅಕ್ಕ, ತಪ್ಪಿದ್ದರೆ ನಾಳೆಯೊಳಗೆ ತಿದ್ದಿಕೊಡಿ, ಪ್ರಿಂಟ್ ತೆಗೆಸಬೇಕು.

"ಬೀಗದ ಕೈ ಹುಡುಕೋಕೆ ಹೋಗಬೇಡಿ. ಈರುಳ್ಳಿ, ಚಪ್ಪಲಿ ಮೂಗಿಗೆ ಹಿಡಿಯಬೇಡಿ. ಮಗೂನ ಒಂದು ಮಗ್ಗುಲಿಗೆ ತಿರುಗಿಸಿ, ಜೊಲ್ಲು ಹೊರಗೆ ಹೋಗಲಿ. ತಲೆ ಕೆಳಗೆ ಮೆತ್ತಗಿರೋದು ಏನಾದ್ರೂ ಇಡಿ. ಕುತ್ತಿಗೆ ಹತ್ರ ಗುಂಡಿ ಬಿಚ್ಚಿ. ಕೈ ಕಾಲು ಅದುಮಿ ಹಿಡಿಯಬೇಡಿ. ಬಾಯಿಗೆ ಚಮಚ, ಬಟ್ಟೆ, ನೀರು ಏನೂ ಹಾಕಬೇಡಿ. ಒಬ್ಬರು ಗಡಿಯಾರ ನೋಡಿ. ಐದು ನಿಮಿಷ ದಾಟಿದ್ರೆ, ಇಲ್ಲಾ ಎಚ್ಚರ ಆಗದೆ ಮತ್ತೆ ಬಂದ್ರೆ, 108ಕ್ಕೆ ಫೋನ್ ಮಾಡಿ. ಪೂರ್ತಿ ಎಚ್ಚರ ಆಗೋವರೆಗೆ ಪಕ್ಕದಲ್ಲೇ ಕೂತ್ಕೊಳ್ಳಿ. ಎಣ್ಣೆ ನೀರಿನ ದಿನ ಬೆಚ್ಚಗಿದ್ರೆ ಸಾಕು, ಮೊದಲು ಮೈಗೆ ಹಾಕಿ, ತಲೆಗೆ ನಿಧಾನವಾಗಿ. ಮಾತ್ರೆ ಒಂದು ದಿನಾನೂ ಬಿಡಬೇಡಿ. ಪಂಕ್ತಿಯಲ್ಲಿ ಎಲ್ಲರ ಜೊತೆಗೇ ಎಲೆ ಹಾಕಿ. ನೀರು ಹೊಯ್ದೋರನ್ನ ಬೈಬೇಡಿ."